ಬೀದಿ ತಿರುವಿನ ತಪಾಸ್ ಬಾರ್: ಮೊದಲ ತಪಾಸಣೆ

ಮೂಲೆಮನೆ:
ನಮ್ಮ ಬೀದಿಯ ತಿರುವಿನಲ್ಲಿ ಬಾಗಿಲು ಹಾಕಿಕೊಂಡಿದ್ದ ಅಂಗಡಿಗೆ ಕೊನೆಗೂ ಜೀವ ಬಂತು. ತಿಂಗಳುಗಟ್ಟಲೆ ಗಾಜಿಗೆ ಹಳೇ ಪೇಪರ್ ಅಂಟಿಸಿದ್ದರು, ಒಳಗಿಂದ ಬರೀ ಡ್ರಿಲ್ ಸದ್ದು. ಹೋದ ವಾರ ಪೇಪರ್ ಕಿತ್ತರು. ನೋಡಿದರೆ ತಪಾಸ್ (ಸ್ಪೇನಿನ ಚಿಕ್ಕ ತಟ್ಟೆಯ ತಿಂಡಿಗಳು) ಮತ್ತು ವೈನ್ ಬಾರ್! ಮನೆಯಿಂದ ನಾಲ್ಕು ನಿಮಿಷದ ನಡಿಗೆ. ಹೋಗದೆ ಇರೋಕಾಗುತ್ತಾ?

ಶುಕ್ರವಾರ ರಾತ್ರಿ ನಾಲ್ಕು ಜನ ಹೋದೆವು. ಜಾಗ ಚಿಕ್ಕದು, ಆದರೆ ಚೆನ್ನಾಗಿದೆ. ಉದ್ದನೆಯ ಮರದ ಕೌಂಟರ್, ಹಿಂದೆ ಬಾಟಲಿಗಳ ಸಾಲು, ಗೋಡೆ ಪಕ್ಕ ಐದಾರು ಟೇಬಲ್. ಬೆಳಕೂ ಹದವಾಗಿತ್ತು, ಮೆನು ಓದಲು ಮೊಬೈಲ್ ಟಾರ್ಚ್ ಬೇಕಾಗಲಿಲ್ಲ. ಟೇಬಲ್ ಹಿಡಿದೆವು. ಹೊಟ್ಟೆ ಬೇರೆ ಚುರುಗುಟ್ಟುತ್ತಿತ್ತು. ಮೆನುವಿನಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಹೇಳಿಬಿಟ್ಟೆವು. ಒಂಬತ್ತು ಐಟಂ, ಒಂದೇ ಉಸಿರಿಗೆ.

ಎಡವಿದ್ದು ಅಲ್ಲೇ. ಒಂಬತ್ತೂ ಒಟ್ಟಿಗೆ ಬಂದವು. ಗ್ಲಾಸ್ ಇಡೋಕೂ ಜಾಗ ಇಲ್ಲ. ಸಿಗಡಿ ಮುಗಿಸುವಷ್ಟರಲ್ಲಿ ಆಲೂಗಡ್ಡೆ ತಣ್ಣಗಾಗಿತ್ತು. ಕ್ರೋಕೆಟ್ ಅನ್ನುವ ಕರಿದ ಉಂಡೆ ಕಡೆ ತಿರುಗುವಷ್ಟರಲ್ಲಿ ಅದರ ಗರಿಗರಿ ಹೋಗಿತ್ತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು ಮುಖ ಮುಖ ನೋಡುತ್ತಾ ಕೂತೆವು. ಕುಡಿಯಲು ನಾನು ಫೀನೋ ಅನ್ನುವ ಶೆರ್ರಿ (ಸ್ಪೇನಿನ ಒಂದು ಬಗೆಯ ವೈನ್) ಕೇಳಿದ್ದೆ. ಮೂಗಿನ ಹತ್ತಿರ ತಂದರೆ ಹೆಚ್ಚಿಟ್ಟು ಮರೆತ ಸೇಬಿನ ವಾಸನೆ. ಇದು ಹೀಗೇ ಇರಬೇಕೋ ಏನೋ ಅಂತ ಸುಮ್ನೆ ಕುಡಿದೆ. ಬಿಲ್ ಬಂದಾಗ ಮಾತ್ರ ನಾಲ್ಕೂ ಜನ ಗಪ್‌ಚುಪ್.

ಆದರೂ ಆ ಜಾಗ ಬಿಡೋಕೆ ಮನಸ್ಸಿಲ್ಲ. ತಪ್ಪು ಅವರದಾ, ನಮ್ಮದಾ? ತಿಳಿದವರು ಹೇಳಿ.

ಲೆಕ್ಕದವ:
ತಪ್ಪು ಕೂಡುಲೆಕ್ಕದ್ದು. ಒಂದೊಂದು ತಟ್ಟೆಯೂ "ಅಯ್ಯೋ, ಇಷ್ಟೇ ತಾನೇ" ಅನ್ನಿಸುತ್ತದೆ. ಒಂಬತ್ತು ಸಲ "ಇಷ್ಟೇ ತಾನೇ" ಅಂದರೆ ಒಂದು ದೊಡ್ಡ ಊಟದ ದುಡ್ಡು ಹೋಯಿತು. ಹೊಟ್ಟೆ ಮಾತ್ರ ಅರ್ಧ. ನನಗಂತೂ ಈ ತಪಾಸ್ ಅನ್ನುವುದೇ ಚಿಕ್ಕ ತಟ್ಟೆಯಲ್ಲಿ ದೊಡ್ಡ ಬಿಲ್ ಕೊಡುವ ಉಪಾಯ ಅನ್ನಿಸುತ್ತದೆ.

ಉಪ್ಪುಖಾರ:
ಲೆಕ್ಕದವರೇ, ಪೂರ್ತಿ ಒಪ್ಪಲ್ಲ. ಕೆಲಸದ ಮೇಲೆ ಎರಡು ವರ್ಷ ಸ್ಪೇನಿನ ಸೆವಿಯಾದಲ್ಲಿದ್ದೆ. ಅಲ್ಲಿ ತಪಾಸ್ ಅಂದರೆ ರಾತ್ರಿ ಊಟದ ಮೆನು ಅಲ್ಲ, ಸಂಜೆಯ ಒಂದು ಓಡಾಟ. ಒಂದು ಬಾರ್‌ಗೆ ಹೋಗುತ್ತಾರೆ, ಕೌಂಟರಿಗೆ ಒರಗಿ ನಿಲ್ಲುತ್ತಾರೆ, ಒಂದು ಗ್ಲಾಸು, ಒಂದೋ ಎರಡೋ ತಟ್ಟೆ. ಮುಗಿಯಿತಾ, ಮುಂದಿನ ಬಾರು. ಒಂದು ಕಡೆ ಸಿಗಡಿ ಚೆನ್ನ, ಇನ್ನೊಂದು ಕಡೆ ಪಾಲಕ್-ಕಡಲೆ ಚೆನ್ನ. ಎಲ್ಲಿ ಏನು ಚೆನ್ನ ಅನ್ನುವುದು ಆ ಬೀದಿಯವರಿಗೆ ಗೊತ್ತು. ಇದಕ್ಕೆ ಅವರ ಭಾಷೆಯಲ್ಲಿ ಒಂದು ಕ್ರಿಯಾಪದವೇ ಇದೆ, ತಾಪೆಯಾರ್. ಅಂದರೆ ತಪಾಸ್ ಮಾಡುತ್ತಾ ಸುತ್ತುವುದು.

ಅಲ್ಲಿನದೇ ಇನ್ನೊಂದು ಊರು ಗ್ರಾನಾಡಾಕ್ಕೆ ಹೋದರಂತೂ ಗ್ಲಾಸಿನ ಜೊತೆ ಒಂದು ತಟ್ಟೆ ಪುಕ್ಕಟೆ. ಎರಡನೇ ಗ್ಲಾಸು ತಗೊಂಡರೆ ಎರಡನೇ ತಟ್ಟೆ ಬೇರೆಯದೇ ಬರುತ್ತದೆ. ಏನು ಬರುತ್ತದೆ ಅಂತ ಕೇಳುವ ಹಾಗಿಲ್ಲ, ಬಂದದ್ದು ತಿನ್ನಬೇಕು.

ನಿಮ್ಮ ಬೀದಿಯಲ್ಲಿ ಇರುವುದು ಒಂದೇ ಬಾರ್, ಸುತ್ತುವುದಕ್ಕೆ ಆಗಲ್ಲ, ಸರಿ. ಆದರೆ ಆ ನಡೆಯನ್ನು ಒಂದೇ ಕೌಂಟರಿನಲ್ಲಿ ತರಬಹುದು. ಎರಡು ತಟ್ಟೆ ಹೇಳಿ. ತಿನ್ನಿ. ಪಕ್ಕದವರ ತಟ್ಟೆಗೆ ಕಣ್ಣು ಹಾಕಿ. ಆಮೇಲೆ ಮುಂದಿನದು. ಮೆನುವಿನಲ್ಲಿ ತಪಾ, ಮೇದಿಯಾ ರಾಸಿಯೋನ್, ರಾಸಿಯೋನ್ ಅಂತ ಇದ್ದರೆ ಕ್ರಮವಾಗಿ ಚಿಕ್ಕದು, ಅರ್ಧ, ಪೂರ್ತಿ ಅಂತ. ನಾಲ್ಕು ಜನಕ್ಕೆ ನಾಲ್ಕು ತಪಾ ಹೇಳುವುದಕ್ಕಿಂತ ಒಂದು ರಾಸಿಯೋನ್ ಹೇಳುವುದೇ ಲಾಭ. ಇಷ್ಟು ಗೊತ್ತಿದ್ದರೆ ಲೆಕ್ಕದವರ ತಲೆನೋವು ಅರ್ಧ ಇಳಿಯುತ್ತದೆ.

ಚಪ್ಪಲಿಕಾಲು:
ತಪಾಸ್‌ಗೂ ತಪಸ್ಸಿಗೂ ಏನಾದರೂ ಸಂಬಂಧ ಇದೆಯಾ? ಬಿಲ್ ನೋಡಿ ಎಲ್ಲರೂ ಮೌನಕ್ಕೆ ಹೋದರು ಅಂದಿರಲ್ಲ, ಅದಕ್ಕೆ ಕೇಳಿದೆ.

ಉಪ್ಪುಖಾರ:
ಚಪ್ಪಲಿಕಾಲು, ಇಲ್ಲ ಮಾರಾಯ್ರೇ. ತಪಾ ಅಂದರೆ ಮುಚ್ಚಳ. ತಪಾರ್ ಅಂದರೆ ಮುಚ್ಚು. ಗ್ಲಾಸಿಗೆ ನೊಣ ಬೀಳದಿರಲಿ ಅಂತ ಮೇಲೆ ಬ್ರೆಡ್ಡೋ ಹಂದಿಮಾಂಸದ ಹಾಳೆಯೋ ಇಡುತ್ತಿದ್ದರು, ಅದೇ ತಿಂಡಿಯಾಯಿತು ಅಂತ ಒಂದು ಕಥೆ. ಸ್ಪೇನಿನ ರಾಜ ಹದಿಮೂರನೇ ಅಲ್ಫೋನ್ಸೊ ಕಾದಿಸ್‌ನ ಕಡಲ ಬದಿಯಲ್ಲಿ ಕುಡಿಯುವಾಗ ಗಾಳಿಗೆ ಮರಳು ಬೀಳುತ್ತದೆ ಅಂತ ಗ್ಲಾಸಿನ ಮೇಲೆ ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ) ಇಟ್ಟುಕೊಟ್ಟರು ಅಂತ ಇನ್ನೊಂದು. ಹದಿಮೂರನೇ ಶತಮಾನದ ಹತ್ತನೇ ಅಲ್ಫೋನ್ಸೊ ಹೆಸರಲ್ಲೂ ಒಂದು ಕಥೆ ಓಡಾಡುತ್ತದೆ. ಯಾವುದಕ್ಕೂ ಸಾಕ್ಷಿ ಕೇಳಬೇಡಿ, ಬಾರಿನಲ್ಲಿ ಹುಟ್ಟಿದ ಕಥೆಗಳು ಇವು. ಮುಚ್ಚಳ ಅನ್ನುವ ಅರ್ಥ ಮಾತ್ರ ಗಟ್ಟಿ.

ಪೀಪಾಯಿ:
ಎಲ್ಲರೂ ತಟ್ಟೆ ಹಿಂದೆ ಬಿದ್ದಿದ್ದೀರಿ. ಮೂಲೆಮನೆಯವರ ಗ್ಲಾಸಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ! ಅಲ್ಲಿ ತಪ್ಪು ಖಂಡಿತ ಬಾರಿನವರದೇ.

ಫೀನೋ ಬಹಳ ನಾಜೂಕು ಮಾಲು. ಸ್ಪೇನಿನ ದಕ್ಷಿಣದ ಹೆರೆಸ್ ಸುತ್ತಮುತ್ತ ಪಾಲೋಮಿನೊ ದ್ರಾಕ್ಷಿಯಿಂದ ಮಾಡುತ್ತಾರೆ. ಪೀಪಾಯಿಯನ್ನು ಪೂರ್ತಿ ತುಂಬಿಸುವುದಿಲ್ಲ, ಮೇಲೆ ಸ್ವಲ್ಪ ಜಾಗ ಬಿಡುತ್ತಾರೆ. ಆ ಜಾಗದಲ್ಲಿ ವೈನಿನ ಮೇಲೆ ಹಾಲಿನ ಕೆನೆಯ ಹಾಗೆ ಯೀಸ್ಟಿನ ಪದರ ಕಟ್ಟುತ್ತದೆ. ಅದರ ಹೆಸರು ಫ್ಲೋರ್, ಅಂದರೆ ಹೂವು. ಈ ಕೆನೆ ಇರುವವರೆಗೂ ವೈನಿಗೆ ಗಾಳಿ ತಾಗದು. ಅದಕ್ಕೇ ವರ್ಷಗಟ್ಟಲೆ ಪೀಪಾಯಿಯಲ್ಲಿದ್ದರೂ ಬಣ್ಣ ಒಣಹುಲ್ಲಿನಷ್ಟು ತೆಳು. ಆಲ್ಕೋಹಾಲ್ ಸುಮಾರು 15%. ಅದನ್ನೇ 17%ಕ್ಕೆ ಏರಿಸಿದರೆ ಯೀಸ್ಟ್ ಬದುಕಲ್ಲ, ಗಾಳಿ ತಾಗಿ ತಾಗಿ ಕಂದು ಬಣ್ಣದ ಓಲೊರೋಸೊ ಆಗುತ್ತದೆ. ಎರಡೂ ಶೆರ್ರಿಯೇ, ಸ್ವಭಾವ ಮಾತ್ರ ಉತ್ತರ ದಕ್ಷಿಣ.

ವಿಷಯ ಏನಪ್ಪಾ ಅಂದರೆ, ಹಾಗೆ ಗಾಳಿ ಕಾಣದೆ ಬೆಳೆದ ವೈನು ಬಾಟಲಿ ತೆರೆದ ದಿನವೇ ಗಾಳಿಗೆ ಸಿಗುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಒಂದು ವಾರ, ಅದಕ್ಕಿಂತ ಜಾಸ್ತಿ ಇಡಬಾರದು. ಕೆಲವರು ರಮ್ ಬಾಟಲಿ ಇಟ್ಟ ಹಾಗೆ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಹಸಿರು ಸೇಬಿನ ವಾಸನೆ ತಾಜಾ ಫೀನೋದಲ್ಲೂ ಇರುತ್ತದೆ, ಜೊತೆಗೆ ಹಸಿ ಬಾದಾಮಿ, ಬ್ರೆಡ್ ಹಿಟ್ಟು. ಆದರೆ ನೀವು ಹೇಳಿದ್ದು ಹೆಚ್ಚಿಟ್ಟು ಕಂದಾದ ಸೇಬು. ಬಾಟಲಿ ಹಳತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮುಂದಿನ ಸಲ ಎರಡು ಪ್ರಶ್ನೆ ಕೇಳಿ. ಯಾವಾಗ ತೆರೆದದ್ದು? ಫ್ರಿಜ್ಜಿನಲ್ಲಿತ್ತಾ? ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಫೀನೋ ಬಿಟ್ಟುಬಿಡಿ. ಹೊಸ ಬಾಟಲಿ ತೆರೆದರೆ ಅಂಥ ಬಾರನ್ನು ಬಿಡಬೇಡಿ.

ಮೂಲೆಮನೆ:
ಪೀಪಾಯಿಯವರೇ, ನಾನು ಅದನ್ನು ಸ್ಪೇನಿನ ರುಚಿ ಅಂತ ಗೌರವ ಕೊಟ್ಟು ಕುಡಿದೆನಲ್ಲ!

ಹಸಿರುತಟ್ಟೆ:
ನಾನು ಮಾಂಸ, ಮೀನು ತಿನ್ನಲ್ಲ. ಇಂಥ ಕಡೆ ಗೆಳೆಯರ ಜೊತೆ ಹೋದರೆ ಆಲಿವ್ ಚೀಪುತ್ತಾ ಕೂರಬೇಕಾ?

ಹಿಂಬಾಗಿಲು:
ಅಡುಗೆಮನೆಯಲ್ಲಿ ಹನ್ನೊಂದು ವರ್ಷ ದುಡಿದವನು ನಾನು, ಅದರಲ್ಲಿ ಮೂರು ವರ್ಷ ಇಂಥದ್ದೇ ಬಾರಿನಲ್ಲಿ. ಮೊದಲು ಹಸಿರುತಟ್ಟೆಯವರಿಗೆ ಹೇಳುತ್ತೇನೆ.

ಆಲಿವ್ ಚೀಪುವ ಅಗತ್ಯ ಖಂಡಿತ ಇಲ್ಲ. ಪಾನ್ ಕೋನ್ ತೊಮಾತೆ ಕೇಳಿ. ಸುಟ್ಟ ಬ್ರೆಡ್ಡಿಗೆ ಹಣ್ಣಾದ ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು. ಅಷ್ಟೇ. ಪಾದ್ರೋನ್ ಮೆಣಸಿನಕಾಯಿ ಇದ್ದರೆ ಬಿಡಲೇಬೇಡಿ. ಹೆಬ್ಬೆರಳುದ್ದದ ಹಸಿರು ಕಾಯಿ, ಬಿಸಿ ಎಣ್ಣೆಯಲ್ಲಿ ಸಿಪ್ಪೆ ಬೊಬ್ಬೆ ಏಳುವ ತನಕ ಬಾಡಿಸಿ ಮೇಲೆ ಕಲ್ಲುಪ್ಪು ಉದುರಿಸುತ್ತಾರೆ. ಹೆಚ್ಚಿನವು ಸಪ್ಪೆ, ಅಲ್ಲೊಂದು ಇಲ್ಲೊಂದು ಬೆಂಕಿ. ಯಾವುದು ಅಂತ ನೋಡಿ ಹೇಳುವವರು ಯಾರೂ ಹುಟ್ಟಿಲ್ಲ. ಕೆಲವು ಖಾರ, ಕೆಲವು ಅಲ್ಲ ಅಂತ ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾದವರು ಗಾದೆಯನ್ನೇ ಮಾಡಿದ್ದಾರೆ.

ಆದರೆ ಕೇಳದೇ ತಿನ್ನಬೇಡಿ. ಕ್ರೋಕೆಟ್ ನೋಡುವುದಕ್ಕೆ ಪಾಪದ್ದು, ಒಳಗೆ ಹಂದಿಮಾಂಸದ ಚೂರು ಇರುವುದೇ ಹೆಚ್ಚು. ಸಾಲ್ಮೊರೇಹೊ ಅನ್ನುವ ತಣ್ಣನೆ ಟೊಮೆಟೊ ಸೂಪಿನ ಮೇಲೆ ಮೊಟ್ಟೆ ಮತ್ತು ಹಾಮೋನ್ ಉದುರಿಸುತ್ತಾರೆ. ಬ್ರಾವಾಸ್ ಅನ್ನುವ ಕರಿದ ಆಲೂಗಡ್ಡೆಯ ಸಾಸಿಗೆ ಮ್ಯಾಡ್ರಿಡ್ ಕಡೆ ಮಾಂಸದ ಸ್ಟಾಕ್ ಹಾಕುವುದುಂಟು. ಮಾಂಚೇಗೊ ಲಾ ಮಾಂಚಾದ ಕುರಿಹಾಲಿನ ಚೀಸ್. ಅದನ್ನು ಹೆಪ್ಪು ಹಾಕುವುದು ಸಾಮಾನ್ಯವಾಗಿ ಪ್ರಾಣಿಯ ಹೊಟ್ಟೆಯಿಂದ ಬರುವ ರೆನೆಟ್‌ನಲ್ಲಿ. ಕಟ್ಟುನಿಟ್ಟಿನವರು ಅದನ್ನೂ ಕೇಳಿಕೊಳ್ಳಬೇಕು. ಎಣ್ಣೆ ಬಾಣಲೆ ಒಂದೇ ಇದ್ದರೆ ಸ್ಕ್ವಿಡ್ ಕರಿದ ಎಣ್ಣೆಯಲ್ಲೇ ನಿಮ್ಮ ಆಲೂಗಡ್ಡೆಯೂ ಬೀಳುತ್ತದೆ. ಚಿಕ್ಕ ಅಡುಗೆಮನೆಯಲ್ಲಿ ಎರಡನೇ ಬಾಣಲೆಗೆ ಜಾಗ ಇರುವುದು ಅಪರೂಪ, ನಾನೇ ಕಂಡಿದ್ದೇನೆ.

ಈಗ ಮೂಲೆಮನೆಯವರ ಒಂಬತ್ತು ತಟ್ಟೆ. ಹೊಸ ಅಡುಗೆಮನೆಯಲ್ಲಿ ಚೀಟಿ ಬಂತೆಂದರೆ ಎಲ್ಲ ಒಟ್ಟಿಗೆ ಮಾಡಿ ಕಳಿಸುತ್ತಾರೆ. ತಡವಾಯಿತು ಅಂತ ಬೈಸಿಕೊಳ್ಳುವ ಭಯ. ಪಳಗಿದವರಾದರೆ ತಣ್ಣನೆಯದು ಮೊದಲು, ಕರಿದದ್ದು ಆಮೇಲೆ, ಮಣ್ಣಿನ ಬಟ್ಟಲಿನದು ಕೊನೆಗೆ ಅಂತ ಬಿಡಿಸಿಕೊಳ್ಳುತ್ತಾರೆ. ಅವರು ಬಿಡಿಸದಿದ್ದರೆ ನೀವು ಬಿಡಿಸಬೇಕು, ಅಂದರೆ ಒಟ್ಟಿಗೆ ಹೇಳಬಾರದು. ಉಪ್ಪುಖಾರ ಹೇಳಿದ್ದೂ ಅದೇ.

ಒಂದು ಗುಟ್ಟು ಬಿಟ್ಟುಕೊಡುತ್ತೇನೆ. ಹೊಸ ಜಾಗದ ಕೈ ತಿಳಿಯಬೇಕೆಂದರೆ ಸಿಗಡಿ ಹೇಳಬೇಡಿ. ಬಿಸಿ ಎಣ್ಣೆ, ಬೆಳ್ಳುಳ್ಳಿ ಇದ್ದರೆ ಸಿಗಡಿ ಯಾರ ಕೈಯಲ್ಲೂ ಚೆನ್ನಾಗಿಯೇ ಬರುತ್ತದೆ. ತೋರ್ತಿಯಾ ಹೇಳಿ, ಸ್ಪೇನಿನ ದಪ್ಪ ಆಮ್ಲೆಟ್. ಆಲೂಗಡ್ಡೆ, ಮೊಟ್ಟೆ, ಎಣ್ಣೆ, ಉಪ್ಪು. ಅಡಗಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಆಲೂಗಡ್ಡೆ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಬೇಕು, ಹುರಿದು ಕೆಂಪಾಗಬಾರದು. ಆಮೇಲೆ ಮೊಟ್ಟೆಯಲ್ಲಿ ಸ್ವಲ್ಪ ಹೊತ್ತು ನೆನೆಯಬೇಕು. ಬಾಣಲೆ ಮೇಲೆ ತಟ್ಟೆ ಮುಚ್ಚಿ ಮಗುಚಿ ಹಾಕುವ ಆ ಒಂದು ಗಳಿಗೆ ಇದೆಯಲ್ಲ, ಅಲ್ಲಿ ಕೈ ನಡುಗಿದರೆ ಅರ್ಧ ಒಲೆಗೆ. ಕೊಯ್ದಾಗ ನಡುವೆ ಇನ್ನೂ ಸ್ವಲ್ಪ ಜಿನುಗಬೇಕು.

ಚಪ್ಪಲಿಕಾಲು:
ಈರುಳ್ಳಿ ಬಿಟ್ಟಿರಿ ನೀವು.

ಹಿಂಬಾಗಿಲು:
ಬೇಕಂತಲೇ ಬಿಟ್ಟೆ. ತೋರ್ತಿಯಾಕ್ಕೆ ಈರುಳ್ಳಿ ಬೇಕೋ ಬೇಡವೋ ಅಂತ ಸ್ಪೇನಿನಲ್ಲಿ ಮನೆಮನೆಯಲ್ಲೂ ಜಗಳ. ಎರಡೂ ಪಕ್ಷಕ್ಕೆ ಹೆಸರೂ ಇದೆ, ಸೆಬೋಯಿಸ್ತಾ, ಸಿನ್‌ಸೆಬೋಯಿಸ್ತಾ. ನನ್ನ ಓಟು ಈರುಳ್ಳಿಗೇ. ಇಲ್ಲಿ ಆ ಜಗಳ ಬೇಡ.

ಉಪ್ಪುಖಾರ:
ಈರುಳ್ಳಿ ಹಾಕಿದರೆ ಸಿಹಿಯಾಗುತ್ತದೆ. ಬೇಡ. ಅಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಮೇಲ್ಮನೆ:
ನಿಮ್ಮೆಲ್ಲರ ಸಂಭ್ರಮ ಸರಿ. ಆ ಬಾರಿನ ಮೇಲಿನ ಮಹಡಿಯಲ್ಲಿ ಮನೆ ಇರುವವಳು ನಾನು. ಹಾಡಿನ ಸದ್ದು ಪರವಾಗಿಲ್ಲ, ಹತ್ತಕ್ಕೆ ಇಳಿಸುತ್ತಾರೆ. ಆದರೆ ರಾತ್ರಿ ಹನ್ನೆರಡಕ್ಕೆ ನೆಲ ಒರೆಸುವಾಗ ಕುರ್ಚಿ ಎಳೆಯುತ್ತಾರಲ್ಲ, ಆ ಕರ್‌ರ್ ಅನ್ನುವ ಸದ್ದು ನೇರ ನನ್ನ ದಿಂಬಿಗೆ ಬರುತ್ತದೆ. ತಿನ್ನುವವರು ಯಾರೂ ಇದರ ಬಗ್ಗೆ ಬರೆಯಲ್ಲ, ಅಲ್ವಾ?

ಲೆಕ್ಕದವ:
ಮೇಲ್ಮನೆ ಅಕ್ಕ, ಹೋಗಿ ಹೇಳಿದಿರಾ? ಹೊಸಬರು, ಅವರಿಗೆ ಗೊತ್ತೇ ಇರಲಿಕ್ಕಿಲ್ಲ.

ಮೇಲ್ಮನೆ:
ಇನ್ನೂ ಇಲ್ಲ. ಜಗಳಗಂಟಿ ಅನ್ನಿಸಿಕೊಳ್ಳೋಕೆ ಇಷ್ಟ ಇಲ್ಲ.

ಮೂಲೆಮನೆ:
ಎರಡನೇ ಸಲ ಹೋಗಿ ಬಂದೆ. ಈ ಸಲ ಮಂಗಳವಾರ, ಇಬ್ಬರೇ, ಏಳು ಗಂಟೆಗೆ. ಟೇಬಲ್ ಖಾಲಿ ಇತ್ತು, ಆದರೂ ಕೌಂಟರಿನಲ್ಲಿ ನಿಂತೆವು.

ಮೊದಲು ಪೀಪಾಯಿಯವರ ಎರಡು ಪ್ರಶ್ನೆ. ಕೌಂಟರ್ ಹಿಂದಿದ್ದ ಹುಡುಗ ಬಾಟಲಿ ಎತ್ತಿ ಬೆಳಕಿಗೆ ಹಿಡಿದ, ತಾನೇ ಗ್ಲಾಸಿಗೆ ಚೂರು ಹಾಕಿಕೊಂಡು ಮೂಸಿದ, ಏನೂ ಹೇಳದೆ ಪೂರ್ತಿ ಸಿಂಕಿಗೆ ಸುರಿದ. ಫ್ರಿಜ್ಜಿನಿಂದ ಹೊಸದು ತೆರೆದು ಬಾಟಲಿಗೆ ಪೆನ್ನಿನಲ್ಲಿ ತಾರೀಖು ಬರೆದ. ಗ್ಲಾಸಿನ ಹೊರಗೆ ಹಬೆ ಕೂತಿತ್ತು. ಬಾಯಿಗೆ ಹಾಕಿದರೆ ಉಪ್ಪುಪ್ಪು, ಒಣ, ಚುರುಕು. ಶುಕ್ರವಾರ ಕುಡಿದದ್ದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಯಾವ ನಂಟೂ ಇಲ್ಲ.

ಅದರ ಜೊತೆ ಹಿಲ್ದಾ ಅಂತ ಒಂದು ಕಡ್ಡಿ ಕೊಟ್ಟರು. ಆಲಿವ್, ಉಪ್ಪಿನಲ್ಲಿ ಹಾಕಿದ ಆಂಚೋವಿ ಮೀನು, ಹುಳಿಯಲ್ಲಿ ಹಾಕಿದ ಹಸಿಮೆಣಸು. ಮೂರನ್ನೂ ಒಂದೇ ತುತ್ತಿಗೆ ಎಳೆದುಕೊಳ್ಳಬೇಕು. ಉಪ್ಪು, ಹುಳಿ, ಖಾರ ಒಟ್ಟಿಗೆ ಹೊಡೆಯುತ್ತವೆ, ಮೇಲೆ ಒಂದು ಗುಟುಕು ಫೀನೋ. ಕಣ್ಣಲ್ಲಿ ನೀರು ಬಂತು, ಇನ್ನೊಂದು ಕೇಳಿದೆ.

ಆಮೇಲೆ ತೋರ್ತಿಯಾ. ನಡುವೆ ಜಿನುಗುತ್ತಿತ್ತು, ಹಿಂಬಾಗಿಲು ಸಾಹೇಬರೇ. ಈರುಳ್ಳಿಯೂ ಇತ್ತು. ಒಂದೂವರೆ ಗಂಟೆ ನಿಂತೆವು, ಇಬ್ಬರಿಗೆ ಐದೇ ತಟ್ಟೆ. ಬಿಲ್ ನೋಡಿ ಮೌನವ್ರತ ಏನೂ ಆಗಲಿಲ್ಲ.

ಉಪ್ಪುಖಾರ:
ಹಿಲ್ದಾ ಕೊಟ್ಟರಾ! ಹಾಗಾದರೆ ಆ ಅಡುಗೆಯವರಿಗೆ ಉತ್ತರ ಸ್ಪೇನಿನ ಬಾಸ್ಕ್ ಕಡೆಯ ಪರಿಚಯ ಇದೆ. ಅದು ಸಾನ್ ಸೆಬಾಸ್ತಿಯಾನ್‌ನದ್ದು. 1946ರಲ್ಲಿ ರೀಟಾ ಹೇವರ್ತ್ ನಟಿಸಿದ ಸಿನಿಮಾದ ನಾಯಕಿಯ ಹೆಸರನ್ನು ಈ ಕಡ್ಡಿಗೆ ಇಟ್ಟರು. ಅವಳ ಹಾಗೇ ಇದೂ ಹಸಿರು, ಉಪ್ಪು, ಸ್ವಲ್ಪ ಖಾರ ಅಂತ ಅವರ ವಿವರಣೆ. ನಾಯಕಿ ಹಸಿರು ಹೇಗೆ ಅಂತ ಕೇಳಬೇಡಿ, ಸ್ಪ್ಯಾನಿಷ್‌ನಲ್ಲಿ ಹಸಿರು ಅಂದರೆ ಪೋಲಿ ಅನ್ನುವ ಅರ್ಥವೂ ಇದೆ. ಆ ಕಡೆ ಇಂಥ ಕಡ್ಡಿ ತಿಂಡಿಗೆ ಪಿಂಚೋ ಅನ್ನುತ್ತಾರೆ. ಎಷ್ಟೋ ಬಾರುಗಳಲ್ಲಿ ಕೊನೆಗೆ ತಟ್ಟೆಯಲ್ಲಿ ಉಳಿದ ಕಡ್ಡಿ ಎಣಿಸಿಯೇ ಬಿಲ್ಲು.

ಲೆಕ್ಕದವ:
ಕಡ್ಡಿ ಎಣಿಸುವ ಬಿಲ್ಲು! ಇದು ನನಗೆ ಒಪ್ಪಿಗೆ. ಮೋಸ ಇಲ್ಲ, ತಕರಾರಿಲ್ಲ.

ಒಂದು ನಿಜವಾದ ಪ್ರಶ್ನೆ. ವೈನ್ ಗ್ಲಾಸಿನಲ್ಲಿ ತಗೊಳ್ಳುವುದು ಲಾಭವೋ, ಬಾಟಲಿಯೋ? ಕೆಂಪು ವೈನ್ ಪಟ್ಟಿಯಲ್ಲಿ ಕ್ರಿಯಾಂಸಾ, ರೆಸೆರ್ವಾ ಅಂತೆಲ್ಲ ಇದೆ, ದರ ಏರುತ್ತಾ ಹೋಗುತ್ತದೆ. ಸುಮ್ನೆ ಹೆಸರಿಗೆ ದುಡ್ಡಾ?

ಪೀಪಾಯಿ:
ಹೆಸರಿಗಲ್ಲ, ವರ್ಷಗಟ್ಟಲೆ ಇಟ್ಟು ಹಳತು ಮಾಡಿದ್ದಕ್ಕೆ ದುಡ್ಡು. ಸ್ಪೇನಿನ ವೈನ್ ಸೀಮೆ ರಿಯೋಹಾದ ನಿಯಮ ನೋಡಿ. ಕೆಂಪು ಕ್ರಿಯಾಂಸಾ ಒಟ್ಟು 2 ವರ್ಷ ಕಾಯಬೇಕು, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾ 3 ವರ್ಷ, ಗ್ರಾನ್ ರೆಸೆರ್ವಾ 5 ವರ್ಷ. ಕಾದಷ್ಟೂ ದ್ರಾಕ್ಷಿಯ ಹಣ್ಣಿನ ರುಚಿ ಹಿಂದೆ ಸರಿದು ಮರ, ಚರ್ಮ, ಒಣಗಿದ ಹಣ್ಣಿನ ವಾಸನೆ ಮುಂದೆ ಬರುತ್ತದೆ. ಬೆಳ್ಳುಳ್ಳಿ ಸಿಗಡಿಯ ಜೊತೆ ಗ್ರಾನ್ ರೆಸೆರ್ವಾ ಕುಡಿಯುವುದು ದಂಡ. ತಪಾಸ್‌ಗೆ ಕ್ರಿಯಾಂಸಾ ಧಾರಾಳ ಸಾಕು.

ಬಾಟಲಿ 750 ಮಿಲಿ. 150 ಮಿಲಿ ಸುರಿದರೆ ಐದು ಗ್ಲಾಸು, 125 ಸುರಿದರೆ ಆರು. ಗ್ಲಾಸಿನ ದರವನ್ನು ಗುಣಿಸಿ ಬಾಟಲಿಯ ಜೊತೆ ಹೋಲಿಸಿ, ಉತ್ತರ ನಿಮಗೇ ಸಿಗುತ್ತದೆ. ನಾಲ್ಕು ಜನ ಒಂದೇ ವೈನ್ ಕುಡಿದರೆ ಬಾಟಲಿ. ಆದರೆ ತಪಾಸ್‌ನಲ್ಲಿ ತಟ್ಟೆ ಬದಲಾದ ಹಾಗೆ ವೈನೂ ಬದಲಾಗಬೇಕು ಅನ್ನುವವನು ನಾನು. ಆಂಚೋವಿ ಜೊತೆ ಒಗರು ಕೆಂಪು ವೈನ್ ಕುಡಿದು ನೋಡಿ, ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ. ಮೀನಿಗೆ ಫೀನೋ ಅಥವಾ ಗಲಿಸಿಯಾದ ಬಿಳಿ ವೈನ್ ಆಲ್ಬರೀನ್ಯೊ. ಕರಿದದ್ದಕ್ಕೆ ಕಾವಾ ಅನ್ನುವ ಗುಳ್ಳೆ ಏಳುವ ವೈನ್, ಆ ಗುಳ್ಳೆಗಳು ಎಣ್ಣೆ ಜಿಡ್ಡನ್ನು ತೊಳೆದುಬಿಡುತ್ತವೆ. ಆಮೇಲೆ ಚೀಸಿಗೋ ಮಾಂಸಕ್ಕೋ ಕೆಂಪು.

ಹಸಿರುತಟ್ಟೆ:
ಕುಡಿಯದವರಿಗೆ?

ಉಪ್ಪುಖಾರ:
ಮೋಸ್ತೊ ಇದೆಯಾ ಕೇಳಿ. ದ್ರಾಕ್ಷಿ ರಸ, ಹುದುಗಿಸದೇ ಇರುವುದು. ಸ್ಪೇನಿನ ಬಾರುಗಳಲ್ಲಿ ಐಸು, ಆಲಿವ್ ಹಾಕಿ ದೊಡ್ಡವರಿಗೂ ಕೊಡುತ್ತಾರೆ. ಕೈಯಲ್ಲಿ ಗ್ಲಾಸು ಇರುತ್ತದೆ, ಯಾರೂ ಯಾಕೆ ಅಂತ ಕೇಳಲ್ಲ.

ಮೂಲೆಮನೆ:
ಮೂರನೇ ಸಲ. ಕೌಂಟರಿನ ಹುಡುಗನಿಗೆ ಈಗ ನನ್ನ ಮುಖ ಗುರುತು. ಅಂದ ಹಾಗೆ, ಮೇಲ್ಮನೆಯವರ ಕುರ್ಚಿ ವಿಷಯ ನಾನೇ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ, ಮೇಲಿನವರಿಗೆ ಸದ್ದು ಅಂದೆ ಅಷ್ಟೇ. ಹುಡುಗ ಒಳಗೆ ಹೋಗಿ ಮಾಲೀಕರನ್ನು ಕರೆದುಕೊಂಡು ಬಂದ. ಅವರು ಒಂದು ಕುರ್ಚಿ ಎಳೆದು ನೋಡಿದರು. ಅವರಿಗೇ ಮೈ ಜುಂ ಅಂದಿರಬೇಕು, ಹಲ್ಲು ಕಚ್ಚಿಕೊಂಡರು.

ಮೇಲ್ಮನೆ:
ಅದಕ್ಕೇನಾ! ನಿನ್ನೆ ರಾತ್ರಿ ಸದ್ದೇ ಇಲ್ಲ. ರಜೆ ಅಂದುಕೊಂಡು ಇವತ್ತು ಸಂಜೆ ಕೆಳಗೆ ಇಣುಕಿದೆ. ಕುರ್ಚಿ ಕಾಲಿಗೆಲ್ಲ ಉಣ್ಣೆ ಬಟ್ಟೆಯ ಬಿಲ್ಲೆ ಅಂಟಿಸಿದ್ದಾರೆ. ಬಂದದ್ದು ಬಂದೆ ಅಂತ ಒಳಗೆ ಹೋಗಿ ನಿಂತೆ. ಮೋಸ್ತೊ ಇರಲಿಲ್ಲ, ತರಿಸುತ್ತೇವೆ ಅಂದರು. ಪಾದ್ರೋನ್ ಮೆಣಸಿನಕಾಯಿ ಮಾತ್ರ ಇತ್ತು. ಹನ್ನೊಂದು ತಿಂದೆ, ಎಲ್ಲ ಸಪ್ಪೆ. ಹಿಂಬಾಗಿಲು ಸುಮ್ನೆ ಹೆದರಿಸಿದರು ಅಂದುಕೊಳ್ಳುತ್ತಾ ಹನ್ನೆರಡನೆಯದನ್ನು ಕಚ್ಚಿದೆ. ಇನ್ನೂ ನೀರು ಕುಡಿಯುತ್ತಾ ಇದ್ದೇನೆ.

ಹಿಂಬಾಗಿಲು:
ನೀರು ಕುಡಿಯಬೇಡಿ ಅಕ್ಕ, ಬ್ರೆಡ್ ತಿನ್ನಿ.